ಷರತ್ತಿನ ಹಣದ ಹದ

ವಿದ್ಯಾರ್ಥಿವೇತನ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದು ವೇದಿಕೆ, ಶಾಲು ಹೊದ್ದ ದಾನಿ, ಆಳೆತ್ತರದ ಚೆಕ್ಕು, ಪಕ್ಕದಲ್ಲಿ ಸಂಕೋಚದಿಂದ ನಿಂತ ವಿದ್ಯಾರ್ಥಿ. ಆ ಫೋಟೊದಲ್ಲಿ ಎಂದೂ ಕಾಣಿಸಿಕೊಳ್ಳದ ಒಬ್ಬರಿರುತ್ತಾರೆ. ಹಣ ಯಾವುದಕ್ಕೆ, ಯಾವ ತಿಂಗಳು, ಎಷ್ಟು, ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿ ಏನು ಮಾಡಬೇಕು, ಮಾಡದಿದ್ದರೆ ಏನು ಗತಿ ಎಂಬುದನ್ನೆಲ್ಲ ಕೂತು ಬರೆದವರು ಅವರು. ದಾನಿಗೆ ಸಿಗುವ ಚಪ್ಪಾಳೆ ಅವರಿಗೆ ಸಿಗುವುದಿಲ್ಲ. ಆದರೆ ಹಣ ದಡ ಮುಟ್ಟುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ.

ರಾಯಭಾರ ಕಚೇರಿಗಳಲ್ಲೋ ವಿಶ್ವಸಂಸ್ಥೆಯಂಥ ಕಡೆಗಳಲ್ಲೋ ಸಾರ್ವಜನಿಕ ಸೇವೆ ಮಾಡಬೇಕು ಎಂದುಕೊಂಡವರ ಸ್ನಾತಕೋತ್ತರ ಓದಿಗೆ ಹಣ ಕೊಡುವಾಗ ಈ ಕೆಲಸ ಇನ್ನಷ್ಟು ನಾಜೂಕಾಗುತ್ತದೆ. ಎಂಜಿನಿಯರಿಂಗ್ ಓದಿಗೆ ಸಾಲ ಕೊಟ್ಟ ಬ್ಯಾಂಕಿಗೆ ಹುಡುಗಿ ಯಾವ ಕಂಪನಿ ಸೇರಿದರೂ ಒಂದೇ, ಕಂತು ಬಂದರಾಯಿತು. ಇಲ್ಲಿ ಹಣ ಕೊಡುವವರಿಗೆ ಹಣ ವಾಪಸು ಬೇಕಿಲ್ಲ, ಮನುಷ್ಯರು ಬೇಕು. ಎರಡು ವರ್ಷ ಓದಿ, ಸಲಹಾ ಕಂಪನಿಯ ಮೂರು ಪಟ್ಟು ಸಂಬಳದ ಕಾಗದ ಕೈಯಲ್ಲಿದ್ದರೂ ಸರ್ಕಾರದ ನೌಕರಿಗೇ ಬರುವ ಮನುಷ್ಯರು. ಅಂಥವರನ್ನು ಬಲವಂತದಿಂದ ತಯಾರಿಸಲಾಗದು. ಬಲವಂತವೇ ಇಲ್ಲದಿದ್ದರೂ ಅವರು ತಯಾರಾಗುವುದು ಅನುಮಾನ. ನನಗೆ ಈ ಕಸುಬಿನ ಮೇಲೆ ಮೆಚ್ಚುಗೆ ಹುಟ್ಟಿದ್ದೇ ಈ ಇಕ್ಕಟ್ಟನ್ನು ನೋಡಿ.

ನಮ್ಮ ನಾಡಿಗೂ ಇದು ಹೊಸ ಕಸುಬಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬಿಟ್ಟ ದತ್ತಿಯ ದಾಖಲೆ ಅದು. ಬೇರೆ ಬೇರೆ ನಾಡುಗಳಿಂದ ಓದಲು ಬಂದವರು ಅಲ್ಲಿದ್ದರು. ಶಾಲೆಗೆ 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ಗುರುವಿಗೆ 50 ನಿವರ್ತನ. ಇವುಗಳ ನಡುವೆ, ದೀಪ ಉರಿಸುವುದಕ್ಕೆಂದೇ 12 ನಿವರ್ತನ. ಓದಿಗೆ ಭೂಮಿ ಕೊಟ್ಟೆ ಎಂದು ಸುಮ್ಮನಾಗಬಹುದಿತ್ತು. ಕತ್ತಲಾದ ಮೇಲೆ ಓದುವವರಿಗೆ ಎಣ್ಣೆ ಬೇಕೆಂದು ಯಾರಿಗೋ ಹೊಳೆದಿದೆ, ಅದಕ್ಕೊಂದು ಪ್ರತ್ಯೇಕ ಬಾಬ್ತು ಇಟ್ಟಿದ್ದಾರೆ. ನಮ್ಮ ದಾನಶಾಸನಗಳ ಕೊನೆಗೆ ಬರುವ ಶಾಪವೂ ಇದೇ ಕಸುಬಿನ ಒಂದು ಹತಾರ. ತಾನು ಕೊಟ್ಟದ್ದನ್ನೇ ಆಗಲಿ ಬೇರೆಯವರು ಕೊಟ್ಟದ್ದನ್ನೇ ಆಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಬಿದ್ದಿರುತ್ತಾನೆ ಎಂಬ ಎಚ್ಚರಿಕೆ. ಕೋರ್ಟು ದೂರವಿದ್ದ ಕಾಲದಲ್ಲಿ ದಾನಿಯ ಉದ್ದೇಶಕ್ಕೆ ಕಾವಲು ನಿಂತದ್ದು ಆ ಹುಳು.

ಈಗ ಅಮೆರಿಕಕ್ಕೆ ಬರೋಣ. ಈ ಬಗೆಯ ಹಣಕ್ಕೆ ಅಷ್ಟೊಂದು ಯೋಚಿಸಿ ರೂಪ ಕೊಟ್ಟ ದೇಶಗಳು ಕಡಿಮೆ. ಅಲ್ಲಿನ ವಿದೇಶಾಂಗ ಇಲಾಖೆಗೆ ಬಹುಕಾಲ ಒಂದು ಹೆಸರಿತ್ತು: ಬಿಳಿಯರು, ಗಂಡಸರು, ನಾಲ್ಕಾರು ಶ್ರೀಮಂತ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಇದನ್ನು ಸಡಿಲಿಸಲೆಂದು ಹುಟ್ಟಿದ ಎರಡು ಫೆಲೋಶಿಪ್‌ಗಳು ಪಿಕರಿಂಗ್ ಮತ್ತು ರ‍್ಯಾಂಗೆಲ್. ಮೊದಲನೆಯದು 1992ರದು, ಅದಕ್ಕಿಟ್ಟಿರುವುದು ರಾಜತಾಂತ್ರಿಕ ಥಾಮಸ್ ಪಿಕರಿಂಗ್ ಹೆಸರು. ದೆಹಲಿಯಲ್ಲೂ ಸ್ವಲ್ಪಕಾಲ ರಾಯಭಾರಿಯಾಗಿದ್ದವರು. ಎರಡನೆಯದು ಹತ್ತು ವರ್ಷ ಆಮೇಲಿನದು, ನ್ಯೂಯಾರ್ಕಿನ ಹಾರ್ಲೆಮ್‌ನಿಂದ ದಶಕಗಳ ಕಾಲ ಆರಿಸಿಬಂದ ಸಂಸದ ಚಾರ್ಲ್ಸ್ ರ‍್ಯಾಂಗೆಲ್ ಹೆಸರಿನದು. ಎರಡೂ ಅಮೆರಿಕದ ಪ್ರಜೆಗಳಿಗೆ ಮಾತ್ರ. ಅಂದರೆ ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಅರ್ಜಿ ಹಾಕಬಹುದು, ವಿದ್ಯಾರ್ಥಿ ವೀಸಾದ ಮೇಲೆ ಇಲ್ಲಿಂದ ಹೋದವರು ಹಾಕುವಂತಿಲ್ಲ.

ರ‍್ಯಾಂಗೆಲ್ ಫೆಲೋಶಿಪ್ಪಿನ ಹೆಣಿಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ಕೊಡುತ್ತ ಬಂದದ್ದು ವರ್ಷಕ್ಕೆ 42,000 ಡಾಲರ್ ತನಕ, ಎರಡು ವರ್ಷ. ಬೋಧನಾ ಶುಲ್ಕ, ಊಟ, ವಸತಿ, ಪುಸ್ತಕ ಎಲ್ಲ ಅದರಲ್ಲೇ. ದೊಡ್ಡ ಮೊತ್ತ ಅನ್ನಿಸಬಹುದು, ಆದರೆ ವಾಷಿಂಗ್ಟನ್ನಿನಲ್ಲೋ ಬೋಸ್ಟನ್ನಿನಲ್ಲೋ ಖಾಸಗಿ ವಿಶ್ವವಿದ್ಯಾಲಯದ ಎರಡು ವರ್ಷದ ಪದವಿಗೆ ಇಷ್ಟೇ ಸಾಲದು. ಎಷ್ಟೋ ವಿಶ್ವವಿದ್ಯಾಲಯಗಳು ಉಳಿದದ್ದನ್ನು ತಾವು ತುಂಬಿಕೊಡುತ್ತವೆ. ಜಾಣತನ ಇರುವುದು ಮೊತ್ತದಲ್ಲಿ ಅಲ್ಲ, ಬೇಸಿಗೆಗಳಲ್ಲಿ. ತರಗತಿ ಶುರುವಾಗುವುದಕ್ಕೆ ಮೊದಲೇ ಒಂದು ಬೇಸಿಗೆ ಸಂಸತ್ತಿನ ಸದಸ್ಯರೊಬ್ಬರ ಕಚೇರಿಯಲ್ಲಿ, ವಿದೇಶಾಂಗ ವಿಷಯಗಳ ಮೇಲೆ ಕೆಲಸ. ಎರಡು ವರ್ಷಗಳ ನಡುವಿನ ಬೇಸಿಗೆ ಹೊರದೇಶದ ಒಂದು ಅಮೆರಿಕನ್ ರಾಯಭಾರ ಕಚೇರಿಯಲ್ಲಿ. ಪ್ರತಿ ಇಂಟರ್ನ್‌ಶಿಪ್ಪಿಗೆ ಬೇರೆಯೇ 10,000 ಡಾಲರ್. ಸಾಲೋಟಗಿಯ ದೀಪದ ಹೊಲದಂಥದೇ ಬಾಬ್ತು ಇದು.

ಏಕೆ ಬೇರೆ? ಏಕೆಂದರೆ ಬಡವರ ಮಕ್ಕಳು ಈ ದಾರಿಯಲ್ಲಿ ಕಳಚಿಕೊಳ್ಳುವುದು ಸಾಮಾನ್ಯವಾಗಿ ಪದವಿಯ ಶುಲ್ಕದ ಹಂತದಲ್ಲಿ ಅಲ್ಲ. ಶುಲ್ಕಕ್ಕೆ ಸಾಲ ಸಿಗುತ್ತದೆ. ಬೇಸಿಗೆಯಲ್ಲಿ ಸಂಬಳವಿಲ್ಲದೆ ದುಬಾರಿ ನಗರದಲ್ಲಿ ಹತ್ತು ವಾರ ಕಳೆಯುವುದಕ್ಕೆ ಯಾರು ಸಾಲ ಕೊಡುತ್ತಾರೆ? ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಸಾಮಾನ್ಯ ಇಂಟರ್ನ್‌ಗಳಿಗೆ ಸಂಬಳ ಕೊಡಲು ಶುರುಮಾಡಿದ್ದೇ 2022ರಲ್ಲಿ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಗಳದ್ದು ಬಿಟ್ಟಿ ದುಡಿಮೆಯೇ. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಇಂಟರ್ನ್ ಒಬ್ಬ ಬಾಡಿಗೆ ಕೊಡಲಾರದೆ ಸರೋವರದ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ಮಲಗುತ್ತಿದ್ದ ಸುದ್ದಿ ಲೋಕವೆಲ್ಲ ಹಬ್ಬಿತು. ಜನರ ಗಮನ ಸೆಳೆಯುವ ಉದ್ದೇಶವೂ ತನಗಿತ್ತು ಎಂದು ಆತನೇ ಆಮೇಲೆ ಹೇಳಿದ. ಅದರಿಂದ ಜಿನೀವಾದ ಬಾಡಿಗೆಯೇನೂ ಇಳಿಯಲಿಲ್ಲ. ಅಪ್ಪನ ದುಡ್ಡಿರುವವರು ಆ ಹತ್ತು ವಾರ ದಾಟುತ್ತಾರೆ, ಪರಿಚಯ ಮಾಡಿಕೊಳ್ಳುತ್ತಾರೆ, ಮುಂದೆ ಹುದ್ದೆ ಖಾಲಿಯಾದಾಗ ಅವರ ಹೆಸರು ಯಾರಿಗೋ ನೆನಪಾಗುತ್ತದೆ. ಉಳಿದವರು ಊರಿಗೆ ಹೋಗಿ ಹೋಟೆಲಿನಲ್ಲಿ ಸಪ್ಲೈ ಮಾಡಿ ಮುಂದಿನ ಸೆಮಿಸ್ಟರಿಗೆ ದುಡ್ಡು ಕೂಡಿಸುತ್ತಾರೆ. ಫೆಲೋಶಿಪ್ಪಿನ ಷರತ್ತು ಬರೆದವರು ಈ ಎರಡು ಬೇಸಿಗೆಗಳ ಮೇಲೆಯೇ ಕೈಯಿಟ್ಟಿದ್ದಾರೆ.

ಹಣದ ಜತೆ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರನ್ನೂ ಗಂಟುಹಾಕುತ್ತಾರೆ, ಮಾರ್ಗದರ್ಶನಕ್ಕೆ. ರಾಯಭಾರ ಕಚೇರಿಯ ಔತಣದಲ್ಲಿ ಯಾರ ಪಕ್ಕ ಕೂರಬೇಕು, ಮೇಲಧಿಕಾರಿಗೆ ಟಿಪ್ಪಣಿ ಎಷ್ಟು ಪುಟ ಬರೆಯಬೇಕು, ಅಸಮಾಧಾನವನ್ನು ಯಾವ ಧಾಟಿಯಲ್ಲಿ ಹೇಳಬೇಕು ಎಂಬುದು ಯಾವ ಪಠ್ಯದಲ್ಲೂ ಇಲ್ಲ. ರಾಜತಾಂತ್ರಿಕರ ಮನೆಯಲ್ಲಿ ಬೆಳೆದವರಿಗೆ ಅದು ಊಟದ ಮೇಜಿನಲ್ಲೇ ಸಿಗುತ್ತದೆ.

ಈ ಕಾರ್ಯಕ್ರಮ ನಡೆಸುವುದು ಹಾವರ್ಡ್ ವಿಶ್ವವಿದ್ಯಾಲಯದ ರಾಲ್ಫ್ ಬಂಚ್ ಕೇಂದ್ರ. ಹಾರ್ವರ್ಡ್ ಅಲ್ಲ, ಕಪ್ಪು ಜನರ ಉನ್ನತ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್ನಿನ ಹಾವರ್ಡ್. ಬಂಚ್ ಅವರು 1949ರಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಕದನವಿರಾಮ ಒಪ್ಪಂದಗಳನ್ನು ಕುದುರಿಸಿ, ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಿಶ್ವಸಂಸ್ಥೆಯ ಅಧಿಕಾರಿ. ಅವರ ಸ್ನಾತಕೋತ್ತರ ಓದು ನಡೆದದ್ದು ಹೇಗೆ ಗೊತ್ತೆ? 1927ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪದವಿ ಮುಗಿದಾಗ ಹಾರ್ವರ್ಡ್ ವಿದ್ಯಾರ್ಥಿವೇತನ ಕೊಟ್ಟಿತು, ಆದರೆ ದೇಶದ ಆ ತುದಿಗೆ ಹೋಗಿ ಇರುವುದಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಊರಿನ ಕಪ್ಪು ಸಮುದಾಯದವರು ತಮ್ಮೊಳಗೇ ಸೇರಿಸಿ 1,000 ಡಾಲರ್ ನಿಧಿ ಒಟ್ಟುಮಾಡಿಕೊಟ್ಟರು. ಶುಲ್ಕ ಒಬ್ಬರು ಕೊಡುತ್ತಾರೆ, ಅನ್ನ ಮತ್ತೊಬ್ಬರು ಹಾಕಬೇಕಾಗುತ್ತದೆ. ವಾರಾನ್ನದ ಮನೆಗಳಲ್ಲಿ ಉಂಡು ಓದಿದ ತಲೆಮಾರು ನಮ್ಮಲ್ಲೂ ಇತ್ತು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಇಷ್ಟೆಲ್ಲ ಕೊಟ್ಟ ಮೇಲೆ ಕೇಳುವುದು ಏನು? ಐದು ವರ್ಷದ ಸೇವೆ. ಕನ್ನಡದ ಓದುಗರಿಗೆ ಬಾಂಡ್ ಎಂದರೆ ಸಾಕು, ಅರ್ಥವಾಗುತ್ತದೆ. ವೈದ್ಯಕೀಯ ಮುಗಿಸಿದವರ ಗ್ರಾಮೀಣ ಸೇವೆಯ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆದರೆ ಈ ಐದು ವರ್ಷದ ಲೆಕ್ಕ ನೋಡಿ. ಅಮೆರಿಕದ ವಿದೇಶಾಂಗ ಸೇವೆಗೆ ಹೊಸದಾಗಿ ಸೇರಿದವರ ಮೊದಲೆರಡು ನೇಮಕಗಳು ಸಾಮಾನ್ಯವಾಗಿ ಎರಡೆರಡು ವರ್ಷದವು. ಅದರಲ್ಲಿ ಒಂದಾದರೂ ವೀಸಾ ಕಿಟಕಿಯ ಕೆಲಸ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಹೋಗಿ, ಫೈಲು ಅಪ್ಪಿಕೊಂಡು ಅಮೆರಿಕನ್ ಕಾನ್ಸುಲೇಟಿನಲ್ಲಿ ಸರದಿ ಕಾಯುವವರ ಎದುರು ಗಾಜಿನಾಚೆ ಕೂತಿರುವ ಎಳೆಯ ಅಧಿಕಾರಿ ಇಂಥ ಫೆಲೋಶಿಪ್ಪಿನಲ್ಲೇ ಬಂದವರೂ ಇರಬಹುದು. ಹೊಸಬರನ್ನು ಕಾಯಂ ಮಾಡುವುದೋ ಬಿಡುವುದೋ ಎಂದು ಇಲಾಖೆ ತೀರ್ಮಾನಿಸಬೇಕಾದದ್ದೂ ಹೆಚ್ಚುಕಡಿಮೆ ಅದೇ ಐದು ವರ್ಷದೊಳಗೆ. ಅಂದರೆ ಬಾಂಡ್ ಮುಗಿಯುವ ಹೊತ್ತಿಗೆ ಕೆಲಸ ಕೈಗೆ ಹತ್ತಿರುತ್ತದೆ, ಎರಡು ದೇಶ ಕಂಡಾಗಿರುತ್ತದೆ. ಆಗ ಬಿಟ್ಟು ಹೋಗುವವರು ತಿಳಿದೇ ಹೋಗುತ್ತಾರೆ, ಉಳಿಯುವವರು ಬಾಂಡಿಗಾಗಿ ಉಳಿದವರಲ್ಲ. ಎರಡೇ ವರ್ಷ ಇಟ್ಟಿದ್ದರೆ ವೀಸಾ ಕಿಟಕಿಯ ಬೇಸರಕ್ಕೇ ಅರ್ಧ ಜನ ಓಡಿಹೋಗುತ್ತಿದ್ದರು. ಹತ್ತು ಇಟ್ಟಿದ್ದರೆ ಒಳ್ಳೆಯವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಹತ್ತು ವರ್ಷದ ಬಾಂಡ್ ಬರೆದುಕೊಟ್ಟವರೂ ಇದ್ದಾರೆ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಓದಿಗೆ ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷ ಹಣ ಕೊಟ್ಟರು. ಓದು ಮುಗಿಸಿ ಬಂದು ಬರೋಡ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡಬೇಕೆಂಬುದು ಕರಾರು. ಭಾರತದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ವಿದ್ಯಾರ್ಥಿವೇತನ ಇನ್ನೊಂದು ಇರಲಾರದು. ಆದರೂ ಕರಾರು ಮುರಿದುಬಿತ್ತು. 1917ರಲ್ಲಿ ಬರೋಡಕ್ಕೆ ಬಂದ ಅಂಬೇಡ್ಕರರಿಗೆ ಊರಿನಲ್ಲಿ ಯಾರೂ ಮನೆ ಕೊಡಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಗುಟ್ಟು ಹೊರಬಿದ್ದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಅವರು ಮುಂಬಯಿಗೆ ಮರಳಬೇಕಾಯಿತು. ಮಹಾರಾಜರ ಔದಾರ್ಯದಲ್ಲಿ ಕೊರತೆ ಇರಲಿಲ್ಲ. ನೌಕರ ಏನು ಮಾಡಬೇಕೆಂದು ಕರಾರಿನಲ್ಲಿ ಇತ್ತು, ಕೆಲಸ ಕೊಟ್ಟವರು ಅವನನ್ನು ಎಲ್ಲಿ ಮಲಗಿಸಬೇಕು ಎಂಬುದು ಇರಲಿಲ್ಲ. ಬಾಂಡಿಗೆ ಎರಡು ತುದಿ. ಒಂದೇ ತುದಿಯನ್ನು ಕಟ್ಟಿದರೆ ಅದು ನಿಲ್ಲುವುದಿಲ್ಲ.

ಷರತ್ತನ್ನೇ ಇಡದೆ ಗೆದ್ದವರೂ ಉಂಟು. ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಕೊಡುವುದು ದಾನವನ್ನಲ್ಲ, ಸಾಲವನ್ನು. ಎಲ್ಲಿ ಕೆಲಸ ಮಾಡುತ್ತೀಯೋ ಮಾಡು, ದುಡ್ಡು ಮರಳಿಸು, ಅದು ಇನ್ನೊಬ್ಬರಿಗೆ ಹೋಗಲಿ ಎಂಬ ವಹಿವಾಟಿನ ಬುದ್ಧಿ. ಆದರೂ 1924ರ ಹೊತ್ತಿಗೆ ಐಸಿಎಸ್ ಸೇರುತ್ತಿದ್ದ ಭಾರತೀಯರಲ್ಲಿ ಐವರಿಗೆ ಇಬ್ಬರು ಟಾಟಾ ಹಣದಲ್ಲಿ ಓದಿದವರೇ ಆಗಿದ್ದರು. ಕೇರಳದ ಉಳವೂರಿನ ಬಡ ದಲಿತ ಕುಟುಂಬದ ಕೆ.ಆರ್. ನಾರಾಯಣನ್ 1945ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದದ್ದೂ ಇದೇ ದತ್ತಿಯಿಂದ. ಮರಳುವಾಗ ಗುರು ಹೆರಾಲ್ಡ್ ಲಾಸ್ಕಿ ನೆಹರೂಗೆ ಒಂದು ಪರಿಚಯದ ಪತ್ರ ಕೊಟ್ಟು ಕಳಿಸಿದರು. ನಾರಾಯಣನ್ 1949ರಲ್ಲಿ ವಿದೇಶಾಂಗ ಸೇವೆ ಸೇರಿದರು, ಮುಂದೆ ಚೀನಾದಲ್ಲಿ ರಾಯಭಾರಿಯಾದರು, ರಾಷ್ಟ್ರಪತಿಯೂ ಆದರು. ಹಾಗೆಂದು ಷರತ್ತಿಲ್ಲದಿರುವುದೇ ಮೇಲು ಎನ್ನಲಾರೆ. ಆಗ ಓದಿದವರಿಗೆ ಸರ್ಕಾರಿ ಹುದ್ದೆಗಿಂತ ಎತ್ತರದ್ದು ಬೇರೆ ಇರಲಿಲ್ಲ. ಟಾಟಾ ಸಾಲಕ್ಕೆ ಬಾಂಡಿನ ಹಂಗು ಬೇಕಾಗಲಿಲ್ಲ. ಇಂದು ಅದೇ ಹಣ ಕೊಟ್ಟರೆ ಎಷ್ಟು ಜನ ಲಂಡನ್ನಿನ ಬ್ಯಾಂಕು ಬಿಟ್ಟು ವಿದೇಶಾಂಗ ಸಚಿವಾಲಯಕ್ಕೆ ಬಂದಾರು?

ಇದೇ ಪ್ರಶ್ನೆ ಅಮೆರಿಕದಲ್ಲಿ ಒಂದು ದೊಡ್ಡ ಮೊಕದ್ದಮೆಯಾಯಿತು. ಈ ಕಸುಬು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು.

1961. ಚಾರ್ಲ್ಸ್ ರಾಬರ್ಟ್‌ಸನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಹೆಂಡತಿ ಮೇರಿ, ಎ ಅಂಡ್ ಪಿ ಎಂಬ ದೈತ್ಯ ದಿನಸಿ ಅಂಗಡಿ ಸರಣಿಯನ್ನು ಬೆಳೆಸಿದ ಹಾರ್ಟ್‌ಫರ್ಡ್ ಮನೆತನದ ಮಗಳು. ಶೀತಲ ಸಮರದ ಬಿಸಿ ಏರಿದ್ದ ದಿನಗಳು, ಕೆನಡಿ ಆಗಷ್ಟೇ ಅಧ್ಯಕ್ಷರಾಗಿದ್ದರು. ದಂಪತಿಗಳು ಆ ಅಂಗಡಿಯ 3.5 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಪ್ರಿನ್ಸ್‌ಟನ್ನಿನ ವುಡ್ರೋ ವಿಲ್ಸನ್ ಶಾಲೆಯ ಸ್ನಾತಕೋತ್ತರ ವಿಭಾಗಕ್ಕಾಗಿ ಕೊಟ್ಟರು. ಸರ್ಕಾರದ ಸೇವೆಗೆ, ಅದರಲ್ಲೂ ವಿದೇಶ ವ್ಯವಹಾರಗಳಿಗೆ ಸಂಬಂಧಿಸಿದ ಸೇವೆಗೆ ಜನರನ್ನು ತಯಾರುಮಾಡಬೇಕು ಎಂಬುದು ಉದ್ದೇಶ. ಹೆಸರು ಹೇಳಬಾರದೆಂದರು. ಹಾಗಾಗಿ ವರ್ಷಗಟ್ಟಲೆ ಅದು ಬರೀ ಎಕ್ಸ್ ಫೌಂಡೇಶನ್. ದಾನಿಗಳು ಯಾರೆಂದು ಲೋಕಕ್ಕೆ ತಿಳಿದದ್ದು ಮೇರಿ ತೀರಿಕೊಂಡ ಮೇಲೆ, 1973ರಲ್ಲಿ. ನಿಧಿ ನೋಡಿಕೊಳ್ಳಲು ಏಳು ಜನರ ಮಂಡಳಿ: ವಿಶ್ವವಿದ್ಯಾಲಯದ ಕಡೆಯಿಂದ ನಾಲ್ವರು, ಕುಟುಂಬದ ಕಡೆಯಿಂದ ಮೂವರು. ಮುಂದಿನ ಕಥೆಯೆಲ್ಲ ಆ ನಾಲ್ಕು ಮತ್ತು ಮೂರರಲ್ಲೇ ಅಡಗಿತ್ತು.

ಹಣ ಚೆನ್ನಾಗಿಯೇ ಬೆಳೆಯಿತು. ಎ ಅಂಡ್ ಪಿ ಅಂಗಡಿಗಳು ದಿವಾಳಿಯಾಗಿ 2015ರಲ್ಲಿ ಮುಚ್ಚಿಹೋದವು, ಅವುಗಳಿಂದ ಬಂದ ದುಡ್ಡು ಮಾತ್ರ 2008ರ ಹೊತ್ತಿಗೆ ಸುಮಾರು 90 ಕೋಟಿ ಡಾಲರ್ ಮುಟ್ಟಿತ್ತು. ವಿದ್ಯಾರ್ಥಿಗಳಿಗೆ ಪೂರ್ತಿ ಶುಲ್ಕ, ಮೇಲೆ ಖರ್ಚಿಗೆ ಹಣ. ಆದರೆ ಓದಿ ಹೊರಬಂದವರಲ್ಲಿ ಸರ್ಕಾರದ ವಿದೇಶಾಂಗ ಕೆಲಸಗಳಿಗೆ ಹೋಗುವವರು ತೀರಾ ಕಡಿಮೆ, ಹಣವೂ ಬೇರೆ ಕಟ್ಟಡಗಳಿಗೆ, ಬೇರೆ ವಿಭಾಗಗಳಿಗೆ ಹರಿಯುತ್ತಿದೆ ಎಂದು ಮಕ್ಕಳು ಗೊಣಗತೊಡಗಿದರು. 2002ರಲ್ಲಿ ಮಗ ವಿಲಿಯಂ ಮತ್ತು ಕುಟುಂಬದವರು ಕೋರ್ಟಿಗೆ ಹೋದರು. ವಿಶ್ವವಿದ್ಯಾಲಯದ ವಾದವೂ ತೆಗೆದುಹಾಕುವಂಥದ್ದಲ್ಲ: ನಾವು ಕಲಿಸಬಹುದು, ದಾರಿ ತೋರಿಸಬಹುದು, ಯಾವ ನೌಕರಿ ಹಿಡಿಯಬೇಕೆಂದು ಅಪ್ಪಣೆ ಕೊಡಲಾಗದು.

ನನ್ನ ಮಟ್ಟಿಗೆ ಹೇಳುವುದಾದರೆ ಇಬ್ಬರೂ ಸರಿ, ತಪ್ಪಿದ್ದು 1961ರ ದಸ್ತಾವೇಜು. ಅದು ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿತು, ವಿದ್ಯಾರ್ಥಿಯನ್ನು ಪೂರಾ ಬಿಟ್ಟುಬಿಟ್ಟಿತು. ಹಣ ಉಣ್ಣುವವರು ಏನನ್ನೂ ಬರೆದುಕೊಟ್ಟಿರಲಿಲ್ಲ. ಬರೆದುಕೊಟ್ಟವರು ನೌಕರಿ ಮಾಡುವವರಲ್ಲ. ಜತೆಗೆ ದಾನಿಯ ಕಡೆಯವರಿಗೆ ಮೂರೇ ಮತ. ದಂಪತಿಗಳು ಬದುಕಿದ್ದಾಗ ಸ್ನೇಹ ದಾಕ್ಷಿಣ್ಯಗಳಲ್ಲಿ ನಡೆದುಹೋಯಿತು. ಅವರು ಹೋದ ಮೇಲೆ ಉಳಿದದ್ದು ಕಾಗದ.

ಆರು ವರ್ಷ ನಡೆದ ಜಗಳ 2008ರ ಡಿಸೆಂಬರಿನಲ್ಲಿ, ವಿಚಾರಣೆ ಶುರುವಾಗುವ ಮೊದಲೇ ರಾಜಿಯಾಯಿತು. ಹಳೆಯ ಪ್ರತಿಷ್ಠಾನ ಬರಖಾಸ್ತು, ನಿಧಿಯ ಬಹುಭಾಗ ಪ್ರಿನ್ಸ್‌ಟನ್ನಿಗೇ. ಕುಟುಂಬ ಕಟ್ಟುವ ಹೊಸ ಪ್ರತಿಷ್ಠಾನಕ್ಕೆ ವಿಶ್ವವಿದ್ಯಾಲಯ 5 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕು. ಕುಟುಂಬದ ಕೋರ್ಟು ಖರ್ಚಿಗೆಂದು ಇನ್ನು 4 ಕೋಟಿ. 1961ರಲ್ಲಿ ಕೊಟ್ಟ ಇಡೀ ದಾನಕ್ಕಿಂತ ವಕೀಲರ ಬಾಬ್ತೇ ಹೆಚ್ಚಾಯಿತು. ಸಾಲೋಟಗಿಯ ಕಾಲದ ಹುಳು ಎಷ್ಟೋ ಅಗ್ಗ.

ಆ 5 ಕೋಟಿಯಿಂದ ಹುಟ್ಟಿದ ರಾಬರ್ಟ್‌ಸನ್ ಫೌಂಡೇಶನ್ ಫಾರ್ ಗವರ್ನಮೆಂಟ್ ಹಳೆಯ ಪೆಟ್ಟಿನಿಂದ ಕಲಿತಂತೆ ಕಾಣುತ್ತದೆ. ಹಣವನ್ನು ಒಂದೇ ಮನೆಯಲ್ಲಿ ಇಟ್ಟಿಲ್ಲ. ಸಿರಕ್ಯೂಸ್‌ನ ಮ್ಯಾಕ್ಸ್‌ವೆಲ್ ಶಾಲೆ, ಟಫ್ಟ್ಸ್‌ನ ಫ್ಲೆಚರ್ ಶಾಲೆ, ಟೆಕ್ಸಸ್ ಎ ಅಂಡ್ ಎಂನ ಬುಷ್ ಶಾಲೆ, ಮೇರಿಲ್ಯಾಂಡ್, ಸ್ಯಾನ್ ಡಿಯಾಗೊ ಹೀಗೆ ಹಲವು ಕಡೆ ಹಂಚಿದೆ. ಒಬ್ಬರು ದಾರಿ ತಪ್ಪಿದರೆ ಮುಂದಿನ ವರ್ಷ ಹಣ ಬೇರೆಡೆಗೆ ಹೋಗಬಹುದು. ಅದಕ್ಕೆ ಕೋರ್ಟು ಬೇಕಿಲ್ಲ. ಹೊಣೆಯನ್ನೂ ಸಂಸ್ಥೆಯಿಂದ ಇಳಿಸಿ ವಿದ್ಯಾರ್ಥಿಯ ಹೆಗಲಿಗೆ ತಂದಿದೆ: ಕೇಂದ್ರ ಸರ್ಕಾರದ ಕೆಲಸಕ್ಕೆ ಹೋಗುತ್ತೇನೆ ಎಂದು ಮಾತು ಕೊಟ್ಟವರಿಗೇ ಹಣ. ಮೊತ್ತ ಹಳೆಯದರ ಒಂದು ಚೂರು. ಆದರೆ ಅಪ್ಪ ಅಮ್ಮ ಕೇಳಿದ್ದು ಇದನ್ನೇ ಎಂದು ಕುಟುಂಬ ಹೇಳಿದರೆ ಅಲ್ಲವೆನ್ನುವುದು ಕಷ್ಟ.

ಇಷ್ಟು ಎಚ್ಚರದಿಂದ ಕಟ್ಟಿದ್ದಕ್ಕೂ 2025 ಹೊಸ ಪ್ರಶ್ನೆ ಹಾಕಿತು. ರ‍್ಯಾಂಗೆಲ್ ಮಾದರಿಯಲ್ಲೇ, ಸಂಸದ ಡೊನಾಲ್ಡ್ ಪೇನ್ ಹೆಸರಿನಲ್ಲಿ, ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್ಏಡ್‌ಗೆ ಅಧಿಕಾರಿಗಳನ್ನು ತಯಾರಿಸುವ ಫೆಲೋಶಿಪ್ ಒಂದಿತ್ತು. ಓದು, ಎರಡು ಇಂಟರ್ನ್‌ಶಿಪ್, ಆಮೇಲೆ ಸಂಸ್ಥೆಯಲ್ಲಿ ಐದು ವರ್ಷದ ಸೇವೆ, ಎಲ್ಲ ಅದೇ ಅಚ್ಚು. 2025ರ ಜುಲೈ 1ಕ್ಕೆ ಯುಎಸ್ಏಡ್ ಸಂಸ್ಥೆಯೇ ಕಾರ್ಯ ನಿಲ್ಲಿಸಿತು, ಉಳಿದಷ್ಟು ಕೆಲಸ ವಿದೇಶಾಂಗ ಇಲಾಖೆಗೆ ಸೇರಿತು. ಅದೇ ತಿಂಗಳು ಆ ಇಲಾಖೆಯೂ 1,300ಕ್ಕೂ ಹೆಚ್ಚು ಜನರಿಗೆ ನೌಕರಿ ಹೋಗುವ ನೋಟಿಸು ಕೊಟ್ಟಿತು. ವಿದ್ಯಾರ್ಥಿ ಮಾತು ತಪ್ಪಿದರೆ ಹಣ ವಾಪಸು ಕೊಡಬೇಕೆಂಬ ಕಲಮು ಇಂಥ ಕರಾರುಗಳಲ್ಲಿ ಇದ್ದೇ ಇರುತ್ತದೆ. ಸೇವೆ ಮಾಡಲು ಸಿದ್ಧರಾಗಿ ನಿಂತವರ ಮುಂದೆ ಕಚೇರಿಯೇ ಇಲ್ಲವಾದಾಗ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಾರರು. ಯೋಚಿಸುವುದಾದರೂ ಹೇಗೆ? ಅಷ್ಟು ದೊಡ್ಡ ದೇಶದ ಸರ್ಕಾರ ತನ್ನದೇ ಸಂಸ್ಥೆಯನ್ನು ಮುಚ್ಚೀತು ಎಂದು ಫೆಲೋಶಿಪ್ಪಿನ ನಿಯಮ ಬರೆಯುವ ಗುಮಾಸ್ತರು ಊಹಿಸಬೇಕಿತ್ತೆ?

ಇನ್ನು ಮುಂದೆ ಊಹಿಸಬೇಕಾಗುತ್ತದೆ. ವಾಷಿಂಗ್ಟನ್ನಿನಲ್ಲಿ ಹುದ್ದೆ ಸಿಗದವರು ರಾಜ್ಯ ಸರ್ಕಾರದಲ್ಲೋ ವಿಶ್ವಸಂಸ್ಥೆಯಲ್ಲೋ ಮಾಡಿದ ಕೆಲಸ ಸೇವೆಯ ಲೆಕ್ಕಕ್ಕೆ ಬರಬೇಕೆ, ನೇಮಕಾತಿ ನಿಂತಿರುವಷ್ಟು ಕಾಲ ಬಾಂಡಿನ ಗಡಿಯಾರವನ್ನೂ ನಿಲ್ಲಿಸಬೇಕೆ, ಕೆಲಸ ಕೊಡುತ್ತೇನೆಂದವರೇ ಹಿಂದೆ ಸರಿದರೆ ವಿದ್ಯಾರ್ಥಿಯ ಋಣ ತಾನಾಗಿ ತೀರಬೇಕೆ ಎಂಬ ಮೂರು ಕಲಮುಗಳಾದರೂ ಕರಾರಿಗೆ ಸೇರಬೇಕು. ಇವುಗಳಲ್ಲಿ ಮೂರನೆಯದನ್ನು ಯಾವ ಖಜಾನೆಯವರೂ ಸುಲಭಕ್ಕೆ ಒಪ್ಪಲಾರರು.